ಬಿಡಾರವಲ್ಲ, ಗುಡಿಸಲು

“ಅಲ್ಲಿ ಕತ್ತಿ ಹಾಕ್ಬೇಡಿ ಸಾಹೇಬ್ರೆ! ಅದು ನನ್ನ ಒಲೆ ಬುಡ!”

ಫೌಜದಾರ ರಮಾಕಾಂತ ಕೈ ತಡೆದ. ಕತ್ತಿಯ ತುದಿ ಸುಟ್ಟ ನೆಲಕ್ಕೆ ಇನ್ನೇನು ತಾಗುವುದರಲ್ಲಿತ್ತು. ತಿರುಗಿ ನೋಡಿದರೆ ನಾಗಿ ಬೂದಿಯ ಅಂಚಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಬಂದವರು ಕಾಲು ತೊಳೆಯದೆ ಒಳಗೆ ನುಗ್ಗಿದರೆ ಮನೆಯೊಡತಿ ನಿಲ್ಲುತ್ತಾಳಲ್ಲ, ಹಾಗೆ.

ಒಳಗು ಎನ್ನಲು ಅಲ್ಲಿ ಏನೂ ಉಳಿದಿರಲಿಲ್ಲ. ಗೋಡೆಯ ತಟ್ಟಿ, ಮಾಡಿಗೆ ಹೊದೆಸಿದ ತೆಂಗಿನ ಮಡಲು ಎಲ್ಲವೂ ಹಿಂದಿನ ವಾರ ಒಂದು ಸಂಜೆ ಉರಿದು ಹೋಗಿದ್ದವು. ಅದೇ ಸಂಜೆಯಿಂದ ಅವಳ ಗಂಡ ಮಾಸ್ತಿ ಕಾಣೆ. ಮರುದಿನ ಅವನ ಪಾತಿದೋಣಿ ಶರಾವತಿಯ ಅಳಿವೆಯಲ್ಲಿ ಮಗುಚಿಕೊಂಡು ಸಿಕ್ಕಿತು. ಅವನು ಸಿಗಲಿಲ್ಲ.

ರಮಾಕಾಂತ ಬೂಟು ಕಳಚಿ ಬದಿಗಿಟ್ಟ.

“ಎಲ್ಲಿ ಅಗೆಯಲಿ, ನೀನೇ ಹೇಳು.”

ನಾಗಿಯ ಕೈ ಸೊಂಟದಿಂದ ಕೆಳಗಿಳಿಯಿತು. “ಬಾಗ್ಲು ಬದಿ ಅಗೀರಿ. ಅದೂ ನನ್ನ ನೆಲವೇಯ. ಆದ್ರೆ ಒಲೆ ಬ್ಯಾಡ.”

ಹವಾಲ್ದಾರ ವೆಂಕ್ಟ್ರಮಣ ಬೂದಿಯಿಂದ ದೂರ, ತೆಂಗಿನ ಮರದ ನೆರಳಲ್ಲಿ ನಿಂತಿದ್ದ. ಕುಮಟೆ ಪೇಟೆಯಲ್ಲಿ ಹುಟ್ಟಿ ಬೆಳೆದವನು. ಬಟ್ಟೆಗೆ ಮಸಿ ತಾಗುವುದು ಅವನಿಗೆ ಆಗದು.

“ಪಂಚನಾಮೆ ಅವತ್ತೇ ಆಗಿದ್ಯಲ್ರಾ ಸಾಹೇಬ್ರೆ? ‘ಒಂದು ಬಿಡಾರ ಪೂರ್ತಿ ಭಸ್ಮ’ ಅಂತ ನಾನೇ ಬರ್ದಿದ್ದೆ.”

“ಬಿಡಾರ ಅಂತ ಹೇಳಿದವರು ಯಾರು?”

“ಜಾಗದ ಒಡೆಯರು, ಹೆಗಡೇರು. ಬಿಡಾರ ಆದ್ರೆಂತ, ಗುಡಿಸ್ಲು ಆದ್ರೆಂತ? ಎರಡೂ ಮಡ್ಲು ಹೊದ್ಸದ್ದೇ ಅಲ್ದಾ?”

“ನಿನ್ನ ಮನೆಯ ಮಾಡು ಹಂಚು. ಠಾಣೆಯ ಮಾಡೂ ಹಂಚು. ಹಾಗಂತ ಹೆಂಡತಿ ಮಕ್ಕಳನ್ನು ಲಾಕಪ್ಪಿನಲ್ಲಿ ಇಟ್ಟು ಸಂಸಾರ ಮಾಡ್ತೀಯಾ ವೆಂಕ್ಟ್ರಮಣ?”

ನಾಗಿಯ ಹಿಂದೆ ನಿಂತಿದ್ದ ನೆರೆಮನೆಯ ಬೊಮ್ಮಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಬೆಂಕಿ ಬಿದ್ದ ದಿನದಿಂದ ನಾಗಿ ಇರುವುದು ಇವಳ ಜಗಲಿಯಲ್ಲಿ.

ಹವಾಲ್ದಾರನಿಗೆ ಒಂದೇ ಎನಿಸಿದ ಆ ಎರಡು ಮಾತುಗಳ ನಡುವೆ ನಾಗಿಯ ಬದುಕು ನಿಂತಿತ್ತು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದಿದ್ದರೂ ಹೊನ್ನಾವರದಲ್ಲಿ ತಹಶೀಲ್ದಾರ ಮಾಮಲೇದಾರನಾಗಿಯೇ, ಸಬ್ ಇನ್ಸ್‌ಪೆಕ್ಟರ್ ಫೌಜದಾರನಾಗಿಯೇ ಜನರ ಬಾಯಲ್ಲಿ ಉಳಿದಿದ್ದ. ಟೆನೆನ್ಸಿ ಕಾಯಿದೆಯೂ ಹಳೆಯದೇ. ಗೇಣಿದಾರ ತಾನೇ ಕಟ್ಟಿ ವಾಸ ಮಾಡಿದ ಮನೆಯಿಂದ ಅವನನ್ನು ಎಬ್ಬಿಸುವಂತಿಲ್ಲ. ಸುಟ್ಟದ್ದು ಗುಡಿಸಲಾದರೆ ನಾಗಿ ಅದೇ ಜಾಗದಲ್ಲಿ ಮತ್ತೆ ಕಂಬ ನಿಲ್ಲಿಸಬಹುದು. ಬಿಡಾರವಾದರೆ, ಅಂದರೆ ನಾಲ್ಕು ತಿಂಗಳ ಕೆಲಸಕ್ಕೆ ಕಟ್ಟಿ ಕೆಲಸ ಮುಗಿದೊಡನೆ ಕಿತ್ತುಹಾಕುವ ತಂಗುದಾಣವಾದರೆ, ಅವಳು ಬರಿಗೈಯಲ್ಲಿ ಹೋಗಬೇಕು.

ಮಾಮಲೇದಾರರು ಸ್ಥಳ ನೋಡಲು ಬರುವುದು ನಾಳೆ.

ಬಾಗಿಲಿದ್ದ ಜಾಗದಲ್ಲಿ ರಮಾಕಾಂತ ಕುಳಿತ. ಬೆಂಕಿ ಮಾಡನ್ನು ತಿಂದಿತ್ತು. ನೆಲವನ್ನು ಮಾತ್ರ ಇಟ್ಟಿಗೆಯಂತೆ ಬೇಯಿಸಿಟ್ಟಿತ್ತು. ಕತ್ತಿಯ ಮೊನೆಯಿಂದ ಮೀಟಿದಾಗ ಅಂಗೈಯಗಲದ ಒಂದು ತುಂಡು ಎದ್ದು ಬಂತು. ಅದನ್ನು ಮೊಣಕಾಲಿಗೆ ತಾಗಿಸಿ ಎರಡು ಮಾಡಿದ. ಮುರಿದ ಬದಿಯನ್ನು ಉಜ್ಜಿ, ಊದಿ, ಬೆಳಕಿಗೆ ಹಿಡಿದ.

“ವೆಂಕ್ಟ್ರಮಣ, ಬಾ ಇಲ್ಲಿ. ಪತ್ರೊಡೆ ತಿಂದಿದ್ದೀಯಲ್ಲ?”

“ಎಂತ ಸಾಹೇಬ್ರೆ ಇದು, ಬೆಳಿಗ್ಗೆ ಬೆಳಿಗ್ಗೆ!”

“ಪತ್ರೊಡೆಯನ್ನು ಅಡ್ಡ ಕೊಯ್ದರೆ ಹೇಗೆ ಕಾಣುತ್ತದೆ?”

ಹವಾಲ್ದಾರ ಬಗ್ಗಿ ನೋಡಿದ. ಕೆಂಪು ಮಣ್ಣಿನ ದಪ್ಪ ಪದರ, ಅದರ ಮೇಲೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಪದರಗಳು, ಮತ್ತೆ ಕೆಂಪು, ಮತ್ತೆ ಕಪ್ಪು. ಒಂದರ ಮೇಲೊಂದು ಒತ್ತಿ ಕೂತಿದ್ದವು.

“ಮಳೆಗಾಲ ಮುಗಿದ ಮೇಲೆ ಕೆಂಪು ಮಣ್ಣು ಹಾಕಿ ಹಲಗೆಯಲ್ಲಿ ಬಡಿಯುತ್ತಾರೆ. ಆಮೇಲೆ ವಾರ ವಾರ ಸಗಣಿಗೆ ಗರಟೆ ಕರಿ, ತೆಂಗಿನ ಚಿಪ್ಪು ಸುಟ್ಟ ಮಸಿ, ಕಲಸಿ ನೆಲ ಹೊಳೆಯುವಂತೆ ಬಳಿಯುತ್ತಾರೆ. ಮತ್ತೆ ಮಳೆಗಾಲ, ಮತ್ತೆ ಮಣ್ಣು. ಒಬ್ಬ ಹೆಂಗಸು ಮದುವೆಯಾಗಿ ಬಂದಾಗಿನಿಂದ ಮೊನ್ನೆಯವರೆಗಿನ ಕೆಲಸ ಇದು. ಬಿಡಾರಕ್ಕೆ ಯಾರೂ ಇಷ್ಟು ಕೈ ಸವೆಸುವುದಿಲ್ಲ. ಅಲ್ಲಿ ಮರಳ ಮೇಲೆ ಚಾಪೆ ಹಾಸಿದರೆ ಆಯಿತು.”

“ನಿಮಗೆ ಇದೆಲ್ಲ ಹ್ಯಾಂಗೆ ಗೊತ್ತು ಸಾಹೇಬ್ರೆ?” ಬೊಮ್ಮಿ ಕೇಳಿಯೇ ಬಿಟ್ಟಳು.

“ಮುಟ್ಟಳ್ಳಿಯಲ್ಲಿ ನಾನು ಹುಟ್ಟಿದ್ದು ಇಂಥ ನೆಲದ ಮೇಲೆ.” ರಮಾಕಾಂತ ತುಂಡನ್ನು ಕರವಸ್ತ್ರದಲ್ಲಿ ಸುತ್ತಿದ. “ನನ್ನ ಅವ್ವ ನೆಲ ಬಳಿದ ದಿನ ನನಗೆ ಹೊರಗೇ ಗಂಜಿ. ಒಣಗುವ ಮೊದಲು ಒಳಗೆ ಕಾಲಿಟ್ಟರೆ ಬೆನ್ನಿಗೆ ಹಿಡಿಸೂಡಿ ಪೂಜೆ.”

ಮುಚ್ಚುಮರೆಯಿಲ್ಲದೆ ಹೇಳಿದ. ಖಾಕಿ ತೊಟ್ಟ ಮೇಲೆ ಹುಟ್ಟಿದ ಗುಡಿಸಲನ್ನು ಮರೆಯುವವರನ್ನು ಅವನು ಭಟ್ಕಳದಲ್ಲೂ ಕಂಡಿದ್ದ, ಕಾರವಾರದಲ್ಲೂ ಕಂಡಿದ್ದ. ಅವರ ಸಾಲಿಗೆ ಸೇರುವ ಆಸೆ ಅವನಿಗೆ ಇರಲಿಲ್ಲ.

“ಪದರ ಇದ್ದರೆ ಇರಲಿ, ಫೌಜದಾರರೆ.”

ದನಿ ಬದುವಿನ ಕಡೆಯಿಂದ ಬಂತು. ಕೊಡೆ ಮಡಚುತ್ತ ತ್ರ್ಯಂಬಕ ಹೆಗಡೆ ಇಳಿದು ಬಂದರು. ಅಪ್ಸರಕೊಂಡದ ಗುಡ್ಡದ ಕೆಳಗಿನ ಈ ತೆಂಗಿನ ಹಿತ್ತಲು, ಅದರಾಚೆ ಮಾಸ್ತಿ ಗೇಣಿಗೆ ಮಾಡುತ್ತಿದ್ದ ಗದ್ದೆ ಅವರದು. ಮನೆ, ತೋಟ ಎಲ್ಲ ಘಟ್ಟದ ಬುಡದಲ್ಲಿ. ಶುಭ್ರ ಪಂಚೆ, ಅಳೆದು ಆಡುವ ಮಾತು. ಅಧಿಕಾರಿಗಳೊಡನೆ ಅವರು ಅಚ್ಚಿನ ಕನ್ನಡವನ್ನಷ್ಟೇ ಆಡುತ್ತಿದ್ದರು; ಮನೆಮಾತು ಮನೆಯವರಿಗೆ.

“ಅಲ್ಲಿ ಹಿಂದೆ ನಮ್ಮ ಕೊಟ್ಟಿಗೆ ಇತ್ತು. ಅಜ್ಜನ ಕಾಲದ್ದು. ನೀವು ನೋಡಿದ್ದು ಅದರ ನೆಲ. ಆ ಜಾಗದಲ್ಲಿ ಕಾಯಿ ಕಾಯಲು ಒಂದು ಬಿಡಾರ ಹಾಕಿಕೋ ಎಂದು ಮಾಸ್ತಿಗೆ ನಾನೇ ಹೇಳಿದ್ದೆ.”

“ಕೊಟ್ಟಿಗೆ ನೆಲಕ್ಕೆ ಗರಟೆ ಕರಿ ಬಳೀತ್ರಾ ಒಡೆಯರೆ?” ನಾಗಿ ಕೇಳಿದಳು. “ನಿಮ್ಮನೆ ದನ ಕನ್ನಡಿ ನೋಡ್ಕಳ್ತ್ವಾ?”

“ನಾಗಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ,” ಎಂದರು ಹೆಗಡೆ. ಸಿಟ್ಟು ನಿಜಕ್ಕೂ ಕಾಣಲಿಲ್ಲ. “ಫೌಜದಾರರೆ, ನಮ್ಮ ಮನೆತನದಲ್ಲಿ ಯಾರ ಮಾಡಿಗೂ ಬೆಂಕಿ ಇಟ್ಟವರಿಲ್ಲ. ಊಟದ ಹೊತ್ತಿಗೆ ಬಂದವರನ್ನು ಹಸಿದು ಕಳಿಸಿದವರಿಲ್ಲ. ಹೊನ್ನಾವರದಲ್ಲಿ ಯಾರನ್ನು ಬೇಕಾದರೂ ಕೇಳಿ. ನಾನು ಹೇಳುವುದು ಒಂದೇ. ಇವರ ಗುಡಿಸಲು ಸುಟ್ಟಿಲ್ಲ. ಕೆಳಗೆ ಕಡಲ ಬದಿಯಲ್ಲಿ ನಿಂತಿದೆ. ಅದು ಸರಕಾರದ ಜಾಗ, ನನ್ನದಲ್ಲ.”

“ಅದು ರಂಪಣಿ ಬಿಡಾರ!” ನಾಗಿಯ ದನಿ ಏರಿತು. “ಬಲೆ ಎಳೂ ಟಾಯ್ಮಲ್ಲಿ ಮಲೂಕೆ ಅಂತ ನನ್ನ ಗಂಡ ಹಾಕದ್ದು!”

“ಒಲೆ ಇದೆ. ಬಳಿದ ನೆಲ ಇದೆ. ಬಾಗಿಲ ಮುಂದೆ ತುಳಸಿ ಇದೆ. ನಿನ್ನೆ ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದ್ದೇನೆ. ನಾಳೆ ಮಾಮಲೇದಾರರೂ ನೋಡುತ್ತಾರೆ.”

  ನಾಗಿ ಬೆರಗಾದಳು.

“ಬಿಡಾರದಲ್ಲಿ ತುಳಸಿ?” ಅವಳು ಬೊಮ್ಮಿಯ ಮುಖ ನೋಡಿದಳು. “ಬಿಡಾರದಲ್ಲಿ ಯಾರಾದ್ರೂ ತುಳಸಿ ನೆಡ್ತ್ರನೇ?”

ರಮಾಕಾಂತ ಎದ್ದು, ಸುಟ್ಟ ಬಾಗಿಲಿನೆದುರು ಹೋದ. ಅಲ್ಲಿ ಮಣ್ಣಿನ ಸಣ್ಣ ತುಳಸಿಕಟ್ಟೆ ಇತ್ತು. ಬೆಂಕಿಯ ಝಳಕ್ಕೆ ಒಂದು ಬದಿ ಕಪ್ಪಾಗಿತ್ತು. ತುಳಸಿಯೂ ಸುಟ್ಟುಹೋಯಿತೆಂದು ಎಲ್ಲರೂ ನಂಬಿದ್ದರು, ಅವನೂ ನಂಬಿದ್ದ. ಈಗ ಬೂದಿಯನ್ನು ಬೆರಳಿನಿಂದ ಸರಿಸಿ ನೋಡಿದ.

ಸುಟ್ಟ ಬುಡ ಅಲ್ಲಿರಲಿಲ್ಲ. ಬೋಗುಣಿಯಂಥ ಒಂದು ಗುಳಿ ಇತ್ತು. ಬೂದಿ ಅದರ ಒಳಗೂ ಬಿದ್ದಿತ್ತು.

“ನಾಗಿ, ನಿನ್ನ ತುಳಸಿ ಸುಟ್ಟಿಲ್ಲ. ಬೆಂಕಿ ಬೀಳುವ ಮೊದಲೇ ಯಾರೋ ಬೇರು ಕಡಿಯದಂತೆ, ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ ಒಯ್ದಿದ್ದಾರೆ.”

“ಕಳ್ಳರು ತುಳಸಿ ಕದೀತ್ರಾ?” ಎಂದ ಹವಾಲ್ದಾರ.

“ಮನೆಗೆ ಬೆಂಕಿ ಬೀಳುತ್ತದೆ ಎಂದು ಮೊದಲೇ ಗೊತ್ತಿದ್ದವ, ತುಳಸಿಗೆ ಬೆಂಕಿ ತಾಗಬಾರದು ಎಂದು ಮನಸ್ಸಿದ್ದವ ಎಬ್ಬಿಸಿದ್ದಾನೆ.” ರಮಾಕಾಂತ ಕೈಯ ಬೂದಿ ಒರೆಸಿಕೊಂಡ. “ನಡೆಯಿರಿ, ಕಡಲಿಗೆ ಹೋಗೋಣ. ಹೆಗಡೆಯವರೆ, ನೀವೂ ಬನ್ನಿ. ತೋರಿಸಿದವರು ನೀವೇ ಅಲ್ಲವೆ?”

ಗಾಳಿಮರಗಳ ನಡುವಿನ ದಾರಿಯಲ್ಲಿ ಹೆಂಗಸರಿಬ್ಬರು ಮುಂದೆ ನಡೆದರು. ಹವಾಲ್ದಾರ ಫೌಜದಾರನ ಬದಿಗೆ ಬಂದು ದನಿ ತಗ್ಗಿಸಿದ.

“ಮಾಸ್ತಿ ಬಗ್ಗೆ ಭಟ್ಕಳದಿಂದ, ಕುಮಟೆಯಿಂದ ಜವಾಬು ಬಂತು ಸಾಹೇಬ್ರೆ. ‘ಬಲಗೈ ನಡುಬೆರಳು ಬುಡದಿಂದ ಇಲ್ಲದ, ಎಡ ಹುಬ್ಬಿನ ಮೇಲೆ ಕಲೆ ಇರುವ’ ಅಂಥ ಗಂಡಸು ಎರಡೂ ಕಡೆ ಕಂಡಿಲ್ಲ. ಬದುಕಿದ್ದವನೂ ಇಲ್ಲ, ದಂಡೆಗೆ ಬಿದ್ದ ಹೆಣವೂ ಇಲ್ಲ.”

ಮುಂದೆ ಬೊಮ್ಮಿ ಪಿಸುಗುಡುತ್ತಿದ್ದದ್ದು ಗಾಳಿಗೆ ಹಿಂದಕ್ಕೆ ತೇಲಿ ಬರುತ್ತಿತ್ತು.

“ಊರವರು ಆಡ್ಕಂತ್ರು ನಾಗಿ. ಇಷ್ಟು ದಿನ ಆದ್ರೂ ಕೈತುಂಬ ಬಳೆ ಹಾಕ್ಕಂಡು ತಿರುಗ್ತದೆ ಅಂತ.”

“ಆಡ್ಕಳ್ಲಿ. ಹೆಣ ಕಾಣ್ದೆ ನಾನು ಬಳೆ ಒಡೀದಿಲ್ಲ.”

“ಅಂಥಾ ಗಂಡ ಎಂತದೇ ನಿಂದು! ಹಂಗಾಮೆಲ್ಲ ಕಡಲು ಬದಿಗೆ ಬಿದ್ಕಂಡಿರ್ತಿದ್ದ.”

“ನಿನ್ನ ಗಂಡ ಮನ್ಯಲ್ಲೇ ಬಿದ್ಕಂಡು ಎಂತ ಮಾಡ್ದ? ನನ್ನ ಬಾಣಂತನದಲ್ಲಿ ಅತ್ತೆ ಇಲ್ಲ, ಅವ್ವ ಇಲ್ಲ. ನಲವತ್ತು ದಿನವೂ ನೆಲ ಬಳ್ದವ ಅಂವ. ನಾನು ಮಲ್ಕಂಡಲ್ಲಿಂದ್ಲೇ ಹೇಳ್ಕೊಡ್ತಿದ್ದೆ. ಮೂಲೆಯಿಂದ ಸುರು ಮಾಡು, ಹಿಂದ್ಹಿಂದೆ ಬಾ, ಹೊಸಲು ಹತ್ರ ಮುಗ್ಸು ಅಂತ. ಮದಲ್ನೇ ದಿನ ಬಾಗ್ಲಿಂದ ಸುರು ಮಾಡಿ ಒಲೆ ಹತ್ರ ಸಿಕ್ಕಾಕ್ಕಂಡು, ಒಣಗೂ ತನಕ ಅಲ್ಲೇ ನಿಂತಿದ್ದ!”

ಬೊಮ್ಮಿ ನಕ್ಕಳು. ನಾಗಿಯೂ ನಕ್ಕಳು. ಆಮೇಲೆ ಯಾಕೋ ಇಬ್ಬರೂ ಒಮ್ಮೆಗೇ ನಿಲ್ಲಿಸಿದರು.

ಗಾಳಿಮರ ಮುಗಿದೊಡನೆ ಕಡಲು ಕಂಡಿತು. ಮರಳ ದಿಬ್ಬದ ಕೆಳಗೆ ಮಡಲು ಹೊದೆಸಿದ ಪುಟ್ಟ ಆಸರೆಯೊಂದು ನಿಂತಿತ್ತು. ಬಾಗಿಲ ಮುಂದೆ ಎದೆಮಟ್ಟದ ತುಳಸಿ ಹಸುರಾಗಿ ಗಾಳಿಗೆ ತೊನೆಯುತ್ತಿತ್ತು.

“ನೋಡಿ,” ಎಂದರು ಹೆಗಡೆ. “ಇದಕ್ಕೆ ಗುಡಿಸಲು ಅನ್ನದೆ ಬೇರೇನನ್ನುತ್ತೀರಿ?”

ರಮಾಕಾಂತ ಬಾಗಿಲಿಗೆ ಹೋಗಲಿಲ್ಲ. ಹಿಂಬದಿಗೆ ಸುತ್ತಿ ದಿಬ್ಬ ಹತ್ತಿದ. ಆಸರೆಗಿಂತ ಮೇಲೆ, ಊರಿನ ಕಡೆಗೆ, ಮರಳಿನಲ್ಲಿ ಉದ್ದಕ್ಕೆ ಒಂದು ಗೆರೆ ಹರಿದಿತ್ತು. ಒಣಗಿದ ಪಾಚಿ, ಕಪ್ಪೆಚಿಪ್ಪು, ಹೊಳೆ ತಂದ ಬಿದಿರಿನ ಚೂರು, ಹರಿದ ಬಲೆಯ ತುಂಡು.

“ಇದೇನು ಹೆಗಡೆಯವರೆ?”

ಹೆಗಡೆ ಬಗ್ಗಿ ನೋಡುವಷ್ಟರಲ್ಲಿ ಅವನೇ ಹೇಳಿದ.

“ಹಿಂದಿನ ಮಳೆಗಾಲದ ಕಡಲು ಇಟ್ಟು ಹೋದ ಗೆರೆ. ಆಷಾಢದಲ್ಲಿ ಅಲೆ ಇಲ್ಲಿಯವರೆಗೆ ಬರುತ್ತದೆ. ನೀವು ಹೇಳುವ ಗುಡಿಸಲು ಈ ಗೆರೆಯಿಂದ ಕೆಳಗಿದೆ. ಆ ತಿಂಗಳಲ್ಲಿ ಇಲ್ಲಿ ಸಂಸಾರ ಮಾಡಿದ್ದರೆ ಮೀನುಗಳು ಮಾಡಿರಬೇಕು.”

ಹವಾಲ್ದಾರ ಗಟ್ಟಿಯಾಗಿ ನಕ್ಕ. ಹೆಗಡೆಯವರ ತುಟಿಯಂಚೂ ಸ್ವಲ್ಪ ಅಲುಗಿತು; ಅವರು ಜಾಣ ಮಾತನ್ನು ಮೆಚ್ಚುವವರು. ಆದರೆ ಬಿಟ್ಟುಕೊಡುವವರಲ್ಲ.

“ಮಳೆಗಾಲದಲ್ಲಿ ನಂಟರ ಮನೆಗೆ ಹೋಗುತ್ತಿದ್ದರೋ ಏನೋ. ಒಳಗೆ ಬನ್ನಿ. ಒಲೆ ನೋಡಿ.”

ಒಳಗೆ ಮಬ್ಬು. ಮೂಲೆಯಲ್ಲಿ ಮಣ್ಣಿನ ಒಲೆ ಅಚ್ಚುಕಟ್ಟಾಗಿ ಕೂತಿತ್ತು. ರಮಾಕಾಂತ ಒಲೆಯ ಬಾಯೊಳಗೆ ಹೆಬ್ಬೆರಳು ಹಾಕಿ ಒತ್ತಿದ. ಹೊರಗೆ ತೆಗೆದಾಗ ಬೆರಳ ತುಂಬ ಹಸಿ ಮಣ್ಣು.

“ಒಂದು ದಿನ ಉರಿದಿದ್ದರೂ ಈ ಮಣ್ಣು ಕೈಗೆ ಹತ್ತುತ್ತಿರಲಿಲ್ಲ. ಇದರಲ್ಲಿ ಗಂಜಿ ಬೆಂದಿಲ್ಲ, ನೀರೂ ಕಾದಿಲ್ಲ. ಇಲ್ಲಿಯ ನಿಜವಾದ ಒಲೆ ಎಲ್ಲಿದೆ ನಾಗಿ?”

“ಮೂರು ಕಲ್ಲು ಇರ್ಬೇಕು ಸಾಹೇಬ್ರೆ. ಬಿಡಾರಕ್ಕೆ ನಾವು ಒಲೆ ಮೆತ್ತೂದಿಲ್ಲ. ಹಂಗಾಮು ಸುರುವಾಗೂ ದಿನ ನನ್ನ ಮನೆ ಒಲೆಯಿಂದ ಕೆಂಡ ಗರಟೇಲಿ ಹಾಕ್ಕಂಡು ಬರೂದು, ಮುಗ್ದ ದಿನ ಇಲ್ಲಿ ಬೆಂಕಿ ನಂದ್ಸಿ ಹೋಗೂದು. ಒಲೆ ಮೆತ್ತೂದು ಒಂದೇ ಕಡೆ.”

ಕಲ್ಲುಗಳು ಹಿಂಬದಿಯ ತಟ್ಟಿಯ ಹೊರಗೆ ಬಿದ್ದಿದ್ದವು. ಮೂರೂ ಮಸಿ ಹಿಡಿದು ಕಪ್ಪಾಗಿದ್ದವು. ಹವಾಲ್ದಾರ ತಾನಾಗಿಯೇ ಅವನ್ನು ಎತ್ತಿ ತಂದು ಬಾಗಿಲಲ್ಲಿ ಸಾಲಾಗಿ ಇಟ್ಟ. ಅಂಗಿಗೆ ಮಸಿ ತಾಗಿತು. ನೋಡಿಕೊಳ್ಳಲಿಲ್ಲ.

ಅಷ್ಟರಲ್ಲಿ ನಾಗಿ ತುಳಸಿಯ ಎದುರು ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಕಾಂಡದ ಮೇಲೆ ಕೈಯಾಡಿಸಿ ಒಂದು ಕಡೆ ನಿಲ್ಲಿಸಿದಳು. ಅಲ್ಲಿ ಕವಲೊಂದು ಮುರಿದು, ಗಾಯ ಮಾಗಿ ಗಂಟು ಕಟ್ಟಿತ್ತು.

“ಹೋದ ವರ್ಷ ಬೊಮ್ಮಿ ಮನೆ ಕರ ತಿಂದದ್ದು ಇದು. ಬೊಮ್ಮಿ, ಕಾಣೇ ಇಲ್ಲಿ.”

“ಹೌದೇ ಮಾರಾಯ್ತಿ. ಅವತ್ತು ಎಷ್ಟು ಬೈದಿದ್ದೆ ನೀನು!”

ಬಿಳಿ ಮರಳಿನ ನಡುವೆ ತುಳಸಿಯ ಬುಡದಲ್ಲಿ ಮಾತ್ರ ಕೆಂಪು ಮಣ್ಣಿನ ಹೆಂಟೆ. ಗುಡ್ಡದ ಬುಡದ ಮಣ್ಣು. ರಮಾಕಾಂತ ಅದನ್ನು ಮುಟ್ಟಿ ನೋಡಿದ. ತೇವವಾಗಿತ್ತು. ಈ ಬಿಸಿಲಿಗೆ, ಈ ಮರಳಿನಲ್ಲಿ, ನೀರೆರೆಯದಿದ್ದರೆ ತುಳಸಿ ಎರಡು ದಿನವೂ ನಿಲ್ಲದು.

ಅವನು ಎದ್ದು ಹೆಗಡೆಯವರಿಗೆ ಮುಖಾಮುಖಿ ನಿಂತ.

“ಮೇಲಿನ ಗುಡಿಸಲನ್ನು ಸುಟ್ಟು ಬಿಡಾರ ಮಾಡಿದ್ದಾರೆ. ಕೆಳಗಿನ ಬಿಡಾರವನ್ನು ಸಿಂಗರಿಸಿ ಗುಡಿಸಲು ಮಾಡಿದ್ದಾರೆ. ಇದರಿಂದ ಜಾಗ ಉಳಿಯುವುದು ಒಬ್ಬರಿಗೇ, ಹೆಗಡೆಯವರೆ.”

ಹೆಗಡೆಯವರ ಮುಖ ಕೆಂಪೇರಿತು. ಕೊಡೆಯನ್ನು ಮರಳಿಗೆ ಊರಿ, ಎರಡೂ ಅಂಗೈಗಳನ್ನು ಮುಂದೆ ಚಾಚಿದರು.

“ನೋಡಿ ಈ ಕೈ. ನಾನು ರಾತ್ರೋರಾತ್ರಿ ಬಂದು ಸಗಣಿ ಬಳಿದೆನೆ? ಒಲೆ ಮೆತ್ತಿದೆನೆ? ನನಗೆ ಈ ಜಾಗ ಬೇಕು, ನಿಜ. ಕಚೇರಿಯಲ್ಲಿ ನಿಂತು ಕೇಳುತ್ತೇನೆ, ಎದೆ ಮುಟ್ಟಿಕೊಂಡು ಕೇಳುತ್ತೇನೆ. ಅಜ್ಜ ಬಾಯಿಮಾತಿನಲ್ಲಿ ಕೊಟ್ಟರು ಎಂದು ಇವರು ಹೇಳಿದರೆ ನಾನು ಬಾಯಿಮಾತಿನಲ್ಲೇ ಇಲ್ಲವೆನ್ನುತ್ತೇನೆ. ಆದರೆ ಕಳ್ಳನ ಹಾಗೆ ತುಳಸಿ ಕಿತ್ತು ತಂದು ಆಟ ಕಟ್ಟುವ ಜಾತಿ ನನ್ನದಲ್ಲ. ಈ ಒಲೆ, ಈ ತುಳಸಿ ನೋಡಿ ನಾನೂ ನಂಬಿದೆ. ನಂಬಿದ್ದು ತಪ್ಪಾದರೆ ಬರೆದುಕೊಳ್ಳಿ. ಮಾಡಿದವ ನಾನಲ್ಲ.”

ಆ ಮಾತಿನಲ್ಲಿ ಅಳುಕಿರಲಿಲ್ಲ. ರಮಾಕಾಂತ ಆ ಕೈಗಳನ್ನು ನಿಜವಾಗಿಯೂ ನೋಡಿದ. ಬೆರಳುಗಳು ನೀಳವಾಗಿದ್ದವು, ಉಗುರಿನಲ್ಲಿ ಅಡಕೆಯ ಕಲೆಯಿತ್ತು. ಐದೂ ಬೆರಳು ನೆಟ್ಟಗಿದ್ದವು.

“ಮಾಡಿದವ ಯಾರೆಂದು ನೆಲವನ್ನೇ ಕೇಳೋಣ. ವೆಂಕ್ಟ್ರಮಣ, ಮೂಡಣ ಬದಿಯ ತಟ್ಟಿ ಬಿಚ್ಚು.”

ಕತ್ತದ ಗಂಟುಗಳನ್ನು ಬಿಚ್ಚಿ ಹವಾಲ್ದಾರ ತಟ್ಟಿಯನ್ನು ಎಳೆದು ಹಾಕಿದ. ಬೆಳಗಿನ ಬಿಸಿಲು ಓರೆಯಾಗಿ ನೆಲದ ಮೇಲೆ ಹರಿಯಿತು. ಮಬ್ಬಿನಲ್ಲಿ ಒಂದೇ ಬಣ್ಣವಾಗಿದ್ದ ನೆಲದ ಮೇಲೆ ಸಾವಿರ ಸಣ್ಣ ನೆರಳುಗಳು ಎದ್ದವು. ಕೈಯಾಡಿದ ಕಡೆಯಲ್ಲೆಲ್ಲ ಕಾಮನಬಿಲ್ಲಿನಂತೆ ಬಾಗಿದ ಗೆರೆಗಳು, ಒಂದರ ಪಕ್ಕ ಒಂದು.

ಬಳಿದವರು ಒಳಮೂಲೆಯಿಂದ ಸುರು ಮಾಡಿದ್ದರು. ಹಿಂದೆ ಹಿಂದೆ ಸರಿಯುತ್ತ ಬಂದು ಹೊಸ್ತಿಲ ಹತ್ತಿರ ಮುಗಿಸಿದ್ದರು. ಕಲಿತ ಕೈ.

ಪ್ರತಿ ಬಿಲ್ಲಿನಲ್ಲೂ ಹೊರಗಡೆ ತೋರುಬೆರಳಿನ ಗೆರೆ ಸ್ಪಷ್ಟವಾಗಿತ್ತು. ಒಳಗಡೆ ಎರಡು ಸಣ್ಣ ಗೆರೆ. ನಡುವೆ ಮಾತ್ರ ಬೆರಳು ಆಡದೆ ಸಗಣಿ ದಪ್ಪಗೆ ಏಣು ಕಟ್ಟಿ ನಿಂತಿತ್ತು. ಒಂದು ಬಿಲ್ಲಿನಲ್ಲಿ ಹಾಗಾದರೆ ಅವಸರ ಎನ್ನಬಹುದು. ಗೋಡೆಯಿಂದ ಹೊಸ್ತಿಲವರೆಗೆ ಎಲ್ಲದರಲ್ಲೂ ಹಾಗೇ ಇತ್ತು.

ಹವಾಲ್ದಾರ ತನ್ನ ಬಲಗೈಯನ್ನು ಎತ್ತಿ, ನಡುಬೆರಳನ್ನು ಮಡಚಿ, ಗಾಳಿಯಲ್ಲಿ ಒಮ್ಮೆ ಆಡಿಸಿ ನೋಡಿದ. 

ರಮಾಕಾಂತ ಗೋಡೆಯ ಬದಿಗೆ ಬಗ್ಗಿ ನೆಲ ಮುಟ್ಟಿದ. ಬಿಸಿಲು ಬೀಳದ ಅಂಚಿನಲ್ಲಿ ಸಗಣಿ ಇನ್ನೂ ಹಸುರಾಗಿ, ಬೆರಳಿಗೆ ತಣ್ಣಗೆ ಹತ್ತುವಂತಿತ್ತು. ಹೆಗಡೆ ಬಂದು ನೋಡಿ ಹೋದ ಮೇಲೆ ಯಾರೋ ಮತ್ತೊಮ್ಮೆ ಬಳಿದಿದ್ದರು. ನಾಳೆ ಮಾಮಲೇದಾರರ ಕಣ್ಣಿಗೆ ನೆಲ ಚೆಂದ ಕಾಣಲಿ ಎಂದು.

ಅವನು ಎದ್ದಾಗ ನಾಗಿ ಹೊಸ್ತಿಲಲ್ಲಿ ನಿಂತಿದ್ದಳು. ನೋಡಿಬಿಟ್ಟಿದ್ದಳು. ಅವಳ ಬಲಗೈ ಎಡಗೈಯ ಬಳೆಗಳನ್ನು ಬಿಗಿಯಾಗಿ ಹಿಡಿದಿತ್ತು.

 

“ನಾಗಿ,” ರಮಾಕಾಂತ ನಿಧಾನವಾಗಿ ಹೇಳಿದ, “ಈ ಕೈ ಯಾರದೆಂದು ನೀನೇ ಹೇಳಬೇಕೆಂಬ ಒತ್ತಾಯ ಇಲ್ಲ. ಹೇಳಿದರೆ ನಿನ್ನ ಗುಡಿಸಲಿನ ಮಾತು ಗೆಲ್ಲುತ್ತದೆ. ಇದು ಕಟ್ಟಿದ ವೇಷ ಎಂದು ನಾಳೆ ನಾನೇ ಮಾಮಲೇದಾರರ ಎದುರು ಹೇಳುತ್ತೇನೆ. ಆದರೆ ಬಳಿದವನನ್ನು ಹಿಡಿದು ಬೇಡಿ ಹಾಕಬೇಕಾದವನೂ ನಾನೇ. ಯೋಚನೆ ಮಾಡು.”

ಅವಳು ಯೋಚನೆ ಮಾಡಿದಳು. ಕಡಲು ಎರಡು ಸಲ ದಡಕ್ಕೆ ಬಂದು ಹೋಯಿತು.

ಆಮೇಲೆ ಬಳೆ ಹಿಡಿದ ಕೈ ಸಡಿಲಾಯಿತು. ಬೂದಿಯ ಅಂಚಿನಲ್ಲಿ ನಿಂತಿದ್ದ ಹಾಗೆಯೇ, ಸೊಂಟಕ್ಕೆ ಕೈಕೊಟ್ಟು ನಿಂತಳು.

“ಬರ್ಕಳಿ ಹವಾಲ್ದಾರ್ರೆ. ಇದು ಮಾಸ್ತಿ ಕೈ. ನನ್ನ ಗಂಡಂದು. ನಾನೇ ಕಲ್ಸದ್ದು. ಎಷ್ಟು ಲಾಯ್ಕ ಬಳ್ದಿದ್ದ ಕಾಣಿ, ಒಂದು ಕಡೆ ಗಂಟು ಬಿದ್ದಿಲ್ಲ.” ಅವಳು ಗುಡ್ಡದ ಕಡೆ ಕೈ ತೋರಿಸಿದಳು. “ಮ್ಯಾಲೆ ಸುಟ್ಟದ್ದು ಗುಡಿಸ್ಲು. ಅದು ನಂದು. ಇದು ಬಿಡಾರ, ಅವಂದು. ಎರಡನ್ನೂ ಒಟ್ಟಿಗೆ ಸೇರ್ಸಿ ಬರೀಬ್ಯಾಡಿ.”

ವೆಂಕ್ಟ್ರಮಣ ಪೆನ್ಸಿಲ್ ತೆಗೆದ. ಈ ಸಲ ಒಂದೊಂದೇ ಅಕ್ಷರ ನಿಧಾನವಾಗಿ ಬರೆದ. ಗುಡಿಸಲು ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಬಿಡಾರ ಎಂದು ಬರೆದ.

“ಅಂದರೆ,” ಎಂದ ರಮಾಕಾಂತ, “ಮಾಸ್ತಿ ಬದುಕಿದ್ದಾನೆ. ನಿನ್ನೆ ಇಲ್ಲೇ ಇದ್ದ.”

“ಸಾಧ್ಯ ಇಲ್ಲೆ!”

ಎಲ್ಲರೂ ತಿರುಗಿದರು. ತ್ರ್ಯಂಬಕ ಹೆಗಡೆಯವರ ಕೊಡೆ ಮರಳಿನ ಮೇಲೆ ಬಿದ್ದಿತ್ತು. ಅವರ ಕಣ್ಣು ನೆಲದ ಆ ಗೆರೆಗಳಿಗೆ ಅಂಟಿಕೊಂಡಿತ್ತು. ಅಚ್ಚಿನ ಕನ್ನಡ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ಬರಿಯ ಮನೆಮಾತು.

“ಅಂವ ಬದುಕಿಪ್ಪಲೆ ಸಾಧ್ಯವೇ ಇಲ್ಲೆ! ಯನಗೆ ಗೊತ್ತಿದ್ದು!”

ಆಡಿದ ಮೇಲೆ ಆಡಿದ್ದು ಅವರಿಗೇ ಕೇಳಿಸಿತು. ಬಾಯಿ ಮುಚ್ಚಿದರು.

ರಮಾಕಾಂತ ಒಂದು ಹೆಜ್ಜೆ ಮುಂದಿಟ್ಟ. ಆದರೆ ಅವನಿಗಿಂತ ಮೊದಲು ನಾಗಿ ಹೊಸ್ತಿಲು ಇಳಿದು ಹೆಗಡೆಯವರ ಎದುರು ಬಂದು ನಿಂತಿದ್ದಳು. ಕೈಯ ಹಸುರು ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

“ಹೆಣ ಕಾಣ್ದೆ ಹೆಂಡ್ತಿ ನಾನೇ ಬಳೆ ಒಡೀಲಿಲ್ಲ, ಒಡೆಯರೆ. ನೀವು ಎಂತ ಕಂಡು ಖಾತ್ರಿ ಮಾಡ್ಕಂಡ್ರಿ?”